ಕೆಪಿಪಿಪಿ ಟೆಂಡರ್ ಪೋರ್ಟಲ್: ಬೀಗ ಭದ್ರ, ಕೀಲಿ ಮಾತ್ರ ಇನ್ನೊಬ್ಬರ ಡ್ರಾಯರಿನಲ್ಲಿ

ಚಿಕ್ಕಮಗಳೂರು ನಗರಸಭೆಯ 35 ವಾರ್ಡುಗಳಲ್ಲಿ ಎಲ್ಲಾದರೂ ಚರಂಡಿ ಕಟ್ಟುವುದಿರಲಿ, ಕಡೂರು ಪುರಸಭೆಗೆ ಬ್ಲೀಚಿಂಗ್ ಪೌಡರ್ ಕೊಡುವುದಿರಲಿ, ಮೂಡಿಗೆರೆ ಪಟ್ಟಣ ಪಂಚಾಯಿತಿಯ ಬೀದಿದೀಪ ನೋಡಿಕೊಳ್ಳುವುದಿರಲಿ, ಮೊತ್ತ ಮಿತಿ ದಾಟಿದರೆ ದಾರಿ ಒಂದೇ. ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್, ಅಂದರೆ ಎಲ್ಲರ ಬಾಯಲ್ಲಿರುವ ಕೆಪಿಪಿಪಿ. ಹಳಬರು ಇನ್ನೂ ‘ಇ-ಪ್ರೊಕ್’ ಅನ್ನುತ್ತಾರೆ. ಅದು ಹಿಂದಿನ ಪೋರ್ಟಲಿನ ಹೆಸರು. ಈ ವಿಮರ್ಶೆ ಕೆಪಿಪಿಪಿಯದ್ದು. ಜೊತೆಗೆ, ಅದಕ್ಕೆ ಅಂಟಿಕೊಂಡೇ ಬೆಳೆದಿರುವ ‘ಟೆಂಡರ್ ಹಾಕಿಕೊಡುವ ಅಂಗಡಿ’ಗಳದ್ದೂ ಹೌದು, ಯಾಕೆಂದರೆ ಜಿಲ್ಲೆಯ ಸಣ್ಣ ಗುತ್ತಿಗೆದಾರರಲ್ಲಿ ಬಹಳಷ್ಟು ಮಂದಿಗೆ ಪೋರ್ಟಲ್ ಅಂದರೆ ಆ ಅಂಗಡಿಯೇ.

ಅಂಕ ಕೊಡಲೇಬೇಕೆಂದರೆ ಪೋರ್ಟಲಿಗೆ ಐದಕ್ಕೆ ಮೂರೂವರೆ. ಟೆಂಡರ್ ಪೆಟ್ಟಿಗೆ ಕಾಯುವ ಕೆಲಸಕ್ಕೆ ಪೂರ್ತಿ ಅಂಕ ಕೊಡಬಹುದು. ಟೆಂಡರ್ ಫಾರಂ ಸಿಗದಂತೆ ನೋಡಿಕೊಳ್ಳುವುದು, ಪೆಟ್ಟಿಗೆ ಇಟ್ಟ ಕೋಣೆಯ ಬಾಗಿಲಲ್ಲಿ ನಾಲ್ಕು ಜನ ನಿಲ್ಲುವುದು, ಕೊನೆ ಗಳಿಗೆಯಲ್ಲಿ ಲಕೋಟೆ ಬದಲಾಗುವುದು ಇವೆಲ್ಲ ನಿಂತಿವೆ. ಬಿಡ್ ಸಲ್ಲಿಸಿದ ಮೇಲೆ ತೆರೆಯುವ ಸಮಯ ಬರುವ ತನಕ ದರ ಗೂಢಲಿಪಿಯಲ್ಲೇ ಇರುತ್ತದೆ. ತೆರೆಯುವ ಅಧಿಕಾರಿಯೂ ತನ್ನ ಡಿಜಿಟಲ್ ಸಹಿ ಹಾಕಿಯೇ ತೆರೆಯಬೇಕು. ಅಂಕ ಕಳೆದದ್ದು ಇದಕ್ಕಲ್ಲ. ರಸ್ತೆ ಗಟ್ಟಿಯಾಗುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಟೆಂಡರಿಗೆ ಮೊದಲು ಅಂದಾಜು ಪಟ್ಟಿಯಲ್ಲಿ, ಟೆಂಡರ್ ಆದ ಮೇಲೆ, ಮುಗಿದ ಕೆಲಸವನ್ನು ಎಂಜಿನಿಯರ್ ಅಳೆದು ಬರೆಯುವ ಅಳತೆ ಪುಸ್ತಕದಲ್ಲಿ. ಈ ಎರಡು ಕಡೆಯೂ ಪೋರ್ಟಲಿನ ಬೆಳಕು ಬೀಳುವುದಿಲ್ಲ.

ಮೊದಲು ಪೋರ್ಟಲಿಗೇ ಬಾರದ ಕೆಲಸಗಳ ಮಾತು. ಎಲ್ಲಕ್ಕೂ ಬುಡದಲ್ಲಿರುವುದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮತ್ತು ಅದರ 2000ದ ನಿಯಮಗಳು. ಕಚೇರಿ ಭಾಷೆಯಲ್ಲಿ ಕೆಟಿಪಿಪಿ. ಅದರ 4ನೇ ಪ್ರಕರಣ ವಿನಾಯಿತಿಗಳ ಪಟ್ಟಿ. 5 ಲಕ್ಷದೊಳಗಿನ ಕಾಮಗಾರಿ ಟೆಂಡರಿಲ್ಲದೆ ‘ತುಂಡು ಗುತ್ತಿಗೆ’ಯಾಗಿ ಹೋಗುತ್ತದೆ. ಪೈಪ್ ಒಡೆದಾಗ, ಮಳೆಗೆ ಮೋರಿ ಕುಸಿದಾಗ ಇದು ಬೇಕೇ ಬೇಕು. ಆದರೆ ಒಂದೇ ಬೀದಿಯ ಚರಂಡಿ ‘ಇಂಥವರ ಮನೆಯಿಂದ ಇಂಥವರ ಮನೆವರೆಗೆ’ ಎಂದು ಮೂರು ಅಂದಾಜಾಗಿ, ಮೂರೂ 4.9 ಲಕ್ಷಕ್ಕೆ ಬಂದು ನಿಂತರೆ ಅದು ತುರ್ತಲ್ಲ, ಕತ್ತರಿ ಆಡಿದ ಗುರುತು. 4(ಜಿ) ಇನ್ನೊಂದು ಬಾಗಿಲು. ಸರ್ಕಾರ ಅಧಿಸೂಚನೆ ಹೊರಡಿಸಿ ಟೆಂಡರಿಲ್ಲದೆ ನೇರವಾಗಿ ಕೆಲಸ ಒಪ್ಪಿಸುವುದಕ್ಕೆ ಇರುವುದು ಇದು. ‘ಲ್ಯಾಂಡ್ ಆರ್ಮಿಗೆ ಹೋಯ್ತು’, ‘ನಿರ್ಮಿತಿಗೆ ಹೋಯ್ತು’ ಎಂದು ಸರ್ಕಾರಿ ನಿರ್ಮಾಣ ಸಂಸ್ಥೆಗಳ ಹೆಸರು ಹಿಡಿದು ಗುತ್ತಿಗೆದಾರರು ಗೊಣಗುವುದು ಈ ಬಾಗಿಲಿನ ಬಗ್ಗೆಯೇ. ಪೋರ್ಟಲಿನಲ್ಲಿ ಒಂದು ಊರಿನ ಟೆಂಡರುಗಳನ್ನು ಎಣಿಸಿ ‘ಈ ವರ್ಷ ಇಷ್ಟೇ ಕೆಲಸ ನಡೆದದ್ದು’ ಅಂದುಕೊಳ್ಳುವುದು ಅದಕ್ಕೇ ತಪ್ಪು.

ಹುಡುಕಾಟ ಚೆನ್ನಾಗಿದೆ. ಟೆಂಡರ್ ಸೂಚನೆ ನೋಡಲು ಲಾಗಿನ್ ಬೇಡ. ಕಾಮಗಾರಿ, ಸರಕು, ಸೇವೆ ಎಂದು ಬೇರೆ ಬೇರೆ ಮಾಡಿ, ಇಲಾಖೆ ಆರಿಸಿ ಹುಡುಕಬಹುದು. ಟೆಂಡರ್ ಸಂಖ್ಯೆಯನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಮೊದಲು ಇಲಾಖೆಯ ಅಕ್ಷರಗಳು, ಆಮೇಲೆ ಆರ್ಥಿಕ ವರ್ಷ, ಕೊನೆಯಲ್ಲಿ ‘ವರ್ಕ್ ಇಂಡೆಂಟ್’ ಸಂಖ್ಯೆ. ಅದರ ಬಾಲಕ್ಕೆ ‘ಕಾಲ್-2’, ‘ಕಾಲ್-3’ ಎಂದಿದ್ದರೆ ಮೊದಲ ಸಲ ಯಾರೂ ಹಾಕಿಲ್ಲ, ಇಲ್ಲವೇ ಹಾಕಿದ್ದು ರದ್ದಾಗಿದೆ ಎಂದರ್ಥ. ಕಾಲ್-3ಕ್ಕೆ ಬಂದ ಕೆಲಸ ಕಂಡರೆ ಅಂದಾಜು ದರ, ಸ್ಥಳ, ಹಳೇ ಬಿಲ್ಲುಗಳ ಬಾಕಿ ಈ ಮೂರನ್ನೂ ವಿಚಾರಿಸದೆ ಕೈ ಹಾಕಬಾರದು. ಒಂದೇ ಕೊರತೆ: ಕೆಲಸದ ಹೆಸರನ್ನು ಕಚೇರಿಯವರು ಟೈಪ್ ಮಾಡಿದಂತೆಯೇ ಹುಡುಕಬೇಕು. ‘ಉಪ್ಪಳ್ಳಿ’ಯನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ವಾರ್ಡ್ ಸಂಖ್ಯೆ ಹಾಕಿ ಹುಡುಕುವುದು ವಾಸಿ.

ಇನ್ನು ಬಿಡ್ ಹಾಕುವ ಕಷ್ಟ. ಮೊದಲು ಬೇಕಾದ್ದು ಕ್ಲಾಸ್-3 ಡಿಜಿಟಲ್ ಸಹಿ. ಕ್ಲಾಸ್-2 ಕೊಡುವುದು 2021ರ ಜನವರಿಯಿಂದಲೇ ನಿಂತಿದೆ. ಕೊಳ್ಳುವಾಗ ಸಹಿ ಮತ್ತು ಗೂಢಲಿಪಿ ಎರಡೂ ಇರುವ ಜೋಡಿಯನ್ನೇ ಕೇಳಿ. ಪ್ಯಾನ್ ಕಾರ್ಡಿನಲ್ಲಿ ‘ಕೆ. ಎಸ್.’ ಇದ್ದು ಗುತ್ತಿಗೆದಾರರ ನೋಂದಣಿಯಲ್ಲಿ ಪೂರ್ತಿ ಹೆಸರಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಸಹಿ ಇರುವ ಯುಎಸ್‌ಬಿ ಟೋಕನಿನ ಗುಪ್ತಪದ ಹಲವು ಸಲ ತಪ್ಪಾಗಿ ಒತ್ತಿದರೆ ಟೋಕನ್ ಲಾಕ್ ಆಗುತ್ತದೆ. ಆಗ ಹೊಸ ಸಹಿ ಕೊಂಡು, ಮತ್ತೆ ಪೋರ್ಟಲಿನ ಖಾತೆಗೆ ಜೋಡಿಸಬೇಕು. ಸಹಿಯ ಅವಧಿ ಮುಗಿಯುವ ದಿನ ಮರೆತವರಿಗೂ ಇದೇ ಗತಿ.

ಆಮೇಲೆ ಇ.ಎಂ.ಡಿ., ಅಂದರೆ ಬಿಡ್ ಜೊತೆ ಇಡುವ ಠೇವಣಿ. ಎನ್‌ಇಎಫ್‌ಟಿ ಮೂಲಕ ಕಟ್ಟುವವರು ಚಲನ್‌ನಲ್ಲಿ ಇರುವ ಮೊತ್ತವನ್ನು ಒಂದೇ ಸಲಕ್ಕೆ, ಪೈಸೆ ಹೆಚ್ಚುಕಡಿಮೆ ಆಗದಂತೆ ಕಳಿಸಬೇಕು. 47,350 ಇರುವಲ್ಲಿ ‘ಇರಲಿ’ ಎಂದು 47,500 ಕಳಿಸಿದರೆ ಹಣ ಹೊಂದಿಕೆಯಾಗದೆ ನಿಲ್ಲುತ್ತದೆ. ಖಾತೆ ಸಂಖ್ಯೆ ಆ ಒಂದು ಟೆಂಡರಿಗೆ ಮಾತ್ರ ಹುಟ್ಟಿದ್ದು, ಹೋದ ಸಲದ್ದನ್ನು ನಕಲು ಮಾಡಿದರೆ ಕೆಲಸ ಕೆಟ್ಟಿತು. ಎನ್‌ಇಎಫ್‌ಟಿ ಈಗ ದಿನದ 24 ಗಂಟೆಯೂ ಅರ್ಧ ಗಂಟೆಗೊಂದು ಕಂತಿನಲ್ಲಿ ಓಡುತ್ತದೆ ಎಂಬುದು ನಿಜ. ಆದರೆ ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಫಾರಂ ತುಂಬಿ ಕೊಟ್ಟವರ ಹಣ ಮಧ್ಯಾಹ್ನದ ಊಟ ಮುಗಿಸಿಯೇ ಹೊರಡುವುದು. ಸಂಜೆ 4ಕ್ಕೆ ಕೊನೆ ಅಂದರೆ ಹಿಂದಿನ ದಿನವೇ ಹಣ ಹಾಕಿ, ಪೋರ್ಟಲಿನಲ್ಲಿ ಪಾವತಿ ಕಂಡ ಮೇಲೆಯೇ ದರದ ಪುಟಕ್ಕೆ ಹೋಗಿ.

ದರದ ಪುಟದಲ್ಲಿ ಶೇಕಡಾವಾರು ಟೆಂಡರಾದರೆ, ಅಂದರೆ ಅಂದಾಜಿಗಿಂತ ಶೇಕಡಾ ಎಷ್ಟು ಕಡಿಮೆ (ಬಿಲೋ) ಅಥವಾ ಹೆಚ್ಚು (ಅಬೋ) ಎಂದು ಬರೆಯುವುದಾದರೆ, ಅಪಾಯ ಇರುವುದು ಅಂಕಿಯಲ್ಲಲ್ಲ, ಅದರ ಪಕ್ಕದ ಆಯ್ಕೆಯಲ್ಲಿ. ‘ಬಿಲೋ’ ಶೇ 12 ಹಾಕುವ ಬದಲು ‘ಅಬೋ’ ಆರಿಸಿದರೆ 20 ಲಕ್ಷದ ಕೆಲಸಕ್ಕೆ 17.60 ಲಕ್ಷದ ಬದಲು 22.40 ಲಕ್ಷ ದಾಖಲಾಗುತ್ತದೆ. ಆ ತಪ್ಪಿಗೆ ಕೆಲಸ ಹೋಯಿತು ಅಷ್ಟೇ. ತಿರುಗಾಮುರುಗಾ ಆದರೆ, ಅಂದರೆ ಅಬೋ ಹಾಕಬೇಕಾದ ಕಡೆ ಬಿಲೋ ಬಿದ್ದರೆ, ಕೆಲಸ ನಿಮಗೇ ಸಿಗುತ್ತದೆ, ಕಷ್ಟ ಅದೇ. ಜಿಎಸ್‌ಟಿ ದರದೊಳಗೋ ಹೊರಗೋ ಎಂಬುದನ್ನು ಟೆಂಡರ್ ದಾಖಲೆಯಲ್ಲಿ ಹುಡುಕಿ ಓದಿ. ನಗರಸಭೆಗಳ ಕಾಮಗಾರಿಗೆ 2022ರ ಜುಲೈನಲ್ಲಿ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿದಾಗ, ಒಳಗೆ ಸೇರಿಸಿ ದರ ಬರೆದಿದ್ದವರಿಗೆ ಆ ಆರು ಎಲ್ಲಿಂದ ತರುವುದು ಎಂಬ ಪ್ರಶ್ನೆ ಎದುರಾಯಿತು. ಕೊನೆಯದಾಗಿ, ಕಡತ ಏರಿಸಿದ್ದು ಸಲ್ಲಿಸಿದ್ದಲ್ಲ. ಸಲ್ಲಿಕೆಯ ರಸೀದಿ ಬಂದರೆ ಮಾತ್ರ ಬಿಡ್ ಹೋಯಿತು.

ದೊಡ್ಡ ಕೆಲಸಗಳಿಗೆ ಬರುವ ಕೆಡಬ್ಲ್ಯು-4 ಎಂಬ ಮಾದರಿ ಟೆಂಡರ್ ದಾಖಲೆಯಲ್ಲಿ ಹೆಚ್ಚು ಜನ ಎಡವುವುದು ಬಿಡ್ ಸಾಮರ್ಥ್ಯದ ಸೂತ್ರದಲ್ಲಿ. ಎ ಗುಣಿಸು ಎನ್ ಗುಣಿಸು 1.5, ಅದರಿಂದ ಬಿ ಕಳೆ. ಎ ಅಂದರೆ ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಅತಿ ಹೆಚ್ಚು ಕೆಲಸದ ಮೊತ್ತ. ಎನ್ ಅಂದರೆ ಈ ಕೆಲಸ ಮುಗಿಸಲು ಕೊಟ್ಟ ಅವಧಿ, ವರ್ಷದ ಲೆಕ್ಕದಲ್ಲಿ. ಬಿ ಅಂದರೆ ಅದೇ ಅವಧಿಯಲ್ಲಿ ಕೈಯಲ್ಲಿರುವ ಬಾಕಿ ಕೆಲಸ. ವರ್ಷಕ್ಕೆ 80 ಲಕ್ಷ ಮಾಡಿದವರು ಆರು ತಿಂಗಳ ಕೆಲಸಕ್ಕೆ ಬಿಡ್ ಹಾಕಿದರೆ 80 × 0.5 × 1.5, ಅಂದರೆ 60 ಲಕ್ಷ. ಕೈಯಲ್ಲಿ 40 ಲಕ್ಷದ ಕೆಲಸ ಇದ್ದರೆ ಉಳಿಯುವುದು 20. ಟೆಂಡರ್ ಅದಕ್ಕಿಂತ ದೊಡ್ಡದಾದರೆ ಮೊದಲ ಲಕೋಟೆಯಲ್ಲೇ, ಅಂದರೆ ಅರ್ಹತೆ ನೋಡುವ ಹಂತದಲ್ಲೇ, ಹೊರಗೆ. ಬಿಯನ್ನು ಕಡಿಮೆ ತೋರಿಸುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಎದುರಾಳಿ ಅದೇ ಪೋರ್ಟಲಿನಲ್ಲಿ ನಿಮ್ಮ ಹಳೇ ಟೆಂಡರುಗಳನ್ನು ಹುಡುಕಿ ಆಕ್ಷೇಪಣೆ ಹಾಕುತ್ತಾನೆ. ತಿರಸ್ಕೃತರಿಗೆ 16ನೇ ಪ್ರಕರಣದಡಿ 30 ದಿನದೊಳಗೆ ಮೇಲ್ಮನವಿಗೆ ದಾರಿ ಇದೆ, ಬಳಸುವವರು ಕಡಿಮೆ. ಮುಂದಿನ ಟೆಂಡರಿಗೂ ಅದೇ ಕಚೇರಿ ಮೆಟ್ಟಿಲು ಹತ್ತಬೇಕಲ್ಲ!

ಮೀಸಲಾತಿಯ ವಿಷಯ ಪೋರ್ಟಲಿನಲ್ಲಿ ಸ್ಪಷ್ಟವಾಗಿಯೇ ಕಾಣುತ್ತದೆ. ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95, ಪ್ರವರ್ಗ-1ಕ್ಕೆ ಶೇ 4, ಪ್ರವರ್ಗ-2ಎಗೆ ಶೇ 15. ಸೂಚನೆಯಲ್ಲೇ ವರ್ಗ ನಮೂದಾಗಿರುತ್ತದೆ. ಇದು ಗೊಂದಲವಿಲ್ಲದ ಭಾಗ.

ಈಗ ಅಂಗಡಿಗಳ ಕಡೆ ಬರೋಣ. ಗುತ್ತಿಗೆ ಕಚೇರಿಗಳಿರುವ ಊರಿನಲ್ಲೆಲ್ಲ ಇವು ಇವೆ. ಜೆರಾಕ್ಸ್ ಯಂತ್ರ, ಎರಡು ಕಂಪ್ಯೂಟರ್, ಗೋಡೆಗೆ ಆತುಕೊಂಡ ಮೇಜು. ಮೇಜಿನ ಡ್ರಾಯರ್ ಎಳೆದರೆ ರಬ್ಬರ್ ಬ್ಯಾಂಡ್ ಹಾಕಿದ ಯುಎಸ್‌ಬಿ ಟೋಕನ್‌ಗಳ ಕಟ್ಟು, ಒಂದೊಂದಕ್ಕೂ ಬಿಳಿ ಪಟ್ಟಿ, ಪಟ್ಟಿಯ ಮೇಲೆ ಗುತ್ತಿಗೆದಾರರ ಇನಿಷಿಯಲ್ಲು, ಕೆಲವದರ ಮೇಲೆ ಗುಪ್ತಪದವೂ. ಕೆಲಸದ ಗುಣಮಟ್ಟದ ಮಾತಾದರೆ ಇವರು ನಿಜಕ್ಕೂ ಚುರುಕು. ಸ್ಕ್ಯಾನ್ ಮಾಡಿ, ಕಡತದ ಗಾತ್ರ ಇಳಿಸಿ, ಯಾವ ಪ್ರಮಾಣಪತ್ರದ ಅವಧಿ ಮುಗಿದಿದೆ ಎಂದು ಎಚ್ಚರಿಸಿ, ಅರ್ಧ ದಿನದಲ್ಲಿ ಬಿಡ್ ಕಳಿಸುತ್ತಾರೆ. ತಿದ್ದುಪಡಿ ಸೂಚನೆ ಬಂದರೆ ಫೋನ್ ಮಾಡಿ ಹೇಳುವುದೂ ಇವರೇ. ಸೈಟಿನಲ್ಲಿ ಮೇಸ್ತ್ರಿ, ಕಂಬಿ, ಕಾಂಕ್ರೀಟ್ ನೋಡಿಕೊಂಡಿರುವವರಿಗೆ ಈ ಸೇವೆಗೆ ಕೊಡುವ ದುಡ್ಡು ದಂಡವಲ್ಲ.

ಆದರೆ ಆ ಡ್ರಾಯರ್ ಇದೆಯಲ್ಲ, ಅದು ಇಡೀ ಪೋರ್ಟಲಿನ ಭದ್ರತೆಯನ್ನು ಟೊಳ್ಳು ಮಾಡುತ್ತದೆ. ಸರ್ಕಾರದ ಸರ್ವರಿನಲ್ಲಿ ದರ ಯಾರಿಗೂ ಕಾಣದು, ಸರಿ. ಒಂದೇ ಕೆಲಸಕ್ಕೆ ನಾಲ್ವರ ದರವನ್ನು ಒಂದೇ ಕುರ್ಚಿಯಲ್ಲಿ ಕೂತು ಒಬ್ಬನೇ ತುಂಬಿದರೆ ಗುಟ್ಟು ಎಲ್ಲಿ ಉಳಿಯಿತು? ಹೊಂದಾಣಿಕೆ ಮಾಡಿಕೊಳ್ಳಲು ಹೋಟೆಲಿನಲ್ಲಿ ಸಭೆ ಸೇರಬೇಕಿಲ್ಲ, ಡ್ರಾಯರೇ ಸಾಕು. ಹೊಂದಾಣಿಕೆ ಇಲ್ಲದಿದ್ದರೂ ಒಂದೇ ಕಂಪ್ಯೂಟರಿನಿಂದ ಹೋದ ನಾಲ್ಕು ಬಿಡ್‌ಗಳಿಗೆ ಒಂದೇ ಐಪಿ ವಿಳಾಸ ಇರುತ್ತದೆ, ಯಾರಾದರೂ ದೂರು ಕೊಟ್ಟರೆ ನಾಲ್ವರೂ ಉತ್ತರಿಸಬೇಕು. ಅಂಗಡಿಗೆ ಹೋಗಬಾರದೆಂದಲ್ಲ. ದಾಖಲೆ ಏರಿಸುವ ತನಕದ ಕೆಲಸ ಅಲ್ಲಿ ಮಾಡಿಸಿ, ದರದ ಪುಟ ತುಂಬಿ ಸಹಿ ಹಾಕುವುದನ್ನು ಮನೆಯಲ್ಲೋ ಬೇರೆ ಕಂಪ್ಯೂಟರಿನಲ್ಲೋ ನೀವೇ ಮಾಡಿ. ಅದಕ್ಕೆ ಟೋಕನಿನ ಡ್ರೈವರ್ ಮತ್ತು ಸಹಿಯ ತಂತ್ರಾಂಶ ಒಂದು ಲ್ಯಾಪ್‌ಟಾಪಿನಲ್ಲಿ ಒಮ್ಮೆ ಹಾಕಿಸಿಕೊಂಡರೆ ಮುಗಿಯಿತು.

ಪೋರ್ಟಲಿನ ನಿಜವಾದ ಸೋಲು ಕಾಣುವುದು ಸೇವೆಗಳ ಟೆಂಡರಿನಲ್ಲಿ. ಬೀದಿ ಗುಡಿಸುವ ಪೌರಕಾರ್ಮಿಕರ ವಿಷಯದಲ್ಲಿ ರಾಜ್ಯ ಗುತ್ತಿಗೆ ಪದ್ಧತಿ ಬಿಟ್ಟು ನೇರ ಪಾವತಿಗೆ ಬಂದಿದೆ. ಕಸದ ಆಟೋ ಟಿಪ್ಪರ್ ಚಾಲಕರು, ಲೋಡರ್‌ಗಳು, ನೀರು ಬಿಡುವವರು, ಒಳಚರಂಡಿ ಸಹಾಯಕರು ಇವರದ್ದು ಹೊರಗುತ್ತಿಗೆಯ ಕತೆ. ಇಲ್ಲಿ ಕೂಲಿ ನಿಗದಿ, ಪಿ.ಎಫ್. ನಿಗದಿ, ಇ.ಎಸ್.ಐ. ನಿಗದಿ. ಪೈಪೋಟಿಗೆ ಉಳಿಯುವುದು ಏಜೆನ್ಸಿಯ ಸೇವಾ ಶುಲ್ಕ ಮಾತ್ರ. ಲೆಕ್ಕಕ್ಕೆ ತಿಂಗಳ ಕೂಲಿ 15,000 ಎಂದಿಟ್ಟುಕೊಳ್ಳಿ. ಮಾಲೀಕರ ಪಾಲಿನ ಪಿ.ಎಫ್. ಶೇ 13ಕ್ಕೆ 1,950, ಇ.ಎಸ್.ಐ. ಶೇ 3.25ಕ್ಕೆ 487.50, ಒಟ್ಟು 17,437.50. ಇಪ್ಪತ್ತು ಜನಕ್ಕೆ 3,48,750. ಇದರ ಮೇಲೆ ಶೇ 0.01 ಸೇವಾ ಶುಲ್ಕ ಎಂದು ಬರೆದು ಎಲ್‌-1 (ಅತಿ ಕಡಿಮೆ ದರದವರು) ಆದ ಏಜೆನ್ಸಿಗೆ ತಿಂಗಳಿಗೆ ಸಿಗುವುದು ಸುಮಾರು 35 ರೂಪಾಯಿ. ಅಜಾದ್ ಪಾರ್ಕ್ ವೃತ್ತದಲ್ಲಿ ಇಬ್ಬರು ತಿಂಡಿ ತಿಂದು ಕಾಫಿ ಕುಡಿಯಲೂ ಸಾಲದು. ಇಷ್ಟಕ್ಕೆ ಎರಡು ತಿಂಗಳ ಸಂಬಳ, ಅಂದರೆ ಹತ್ತಿರ ಹತ್ತಿರ 7 ಲಕ್ಷ, ಬಿಲ್ ಬರುವ ತನಕ ಕೈಯಿಂದ ಹಾಕಬೇಕು. ಗ್ಲೌಸು, ಗಂಬೂಟು, ಸಮವಸ್ತ್ರ ಬೇರೆ.

ಹೀಗೆ ಬರೆದವರು ದಡ್ಡರಲ್ಲ. ಆ ದುಡ್ಡು ಬೇರೆ ಕಡೆಯಿಂದ ಬರುತ್ತದೆ: ಕೆಲಸಕ್ಕೆ ಸೇರಿಸಿಕೊಳ್ಳಲು ‘ಡಿಪಾಜಿಟ್’, 26 ದಿನ ದುಡಿಸಿ 20 ದಿನಕ್ಕೆ ಪಿ.ಎಫ್., ಹಾಜರಿ ಪುಸ್ತಕದಲ್ಲಿ ಮಾತ್ರ ಇರುವ ಇಬ್ಬರು. ಎಲ್ಲ ಏಜೆನ್ಸಿಯೂ ಹೀಗೆ ಅಂತಲ್ಲ; ಆದರೆ 35 ರೂಪಾಯಿಯ ಬಿಡ್ ಒಪ್ಪಿಕೊಂಡ ಕಚೇರಿ ಇದನ್ನು ನಿರೀಕ್ಷಿಸಲೇಬೇಕು. ಏಜೆನ್ಸಿ ಕೂಲಿ ಕೊಡದಿದ್ದರೆ ಮೂಲ ಮಾಲೀಕನಾದ ಸ್ಥಳೀಯ ಸಂಸ್ಥೆಯೇ ಕೊಟ್ಟು ವಸೂಲಿ ಮಾಡಿಕೊಳ್ಳಬೇಕಾಗುತ್ತದೆ. ತಡೆಯುವ ದಾರಿ ಸುಲಭದ್ದೇ. ಸೇವಾ ಶುಲ್ಕಕ್ಕೆ ಟೆಂಡರಿನಲ್ಲೇ ಕನಿಷ್ಠ ಮಿತಿ ಬರೆಯಬಹುದು. ಇಲ್ಲವಾದರೆ ತಿಂಗಳ ಬಿಲ್ಲಿನ ಜೊತೆ ಹಿಂದಿನ ತಿಂಗಳ ಪಿ.ಎಫ್. ಕಟ್ಟಿದ ಇ.ಸಿ.ಆರ್. ಚಲನ್‌ನ ಹೆಸರುಪಟ್ಟಿ ತರಿಸಿ, ಹಾಜರಿ ಪುಸ್ತಕದ ಪಕ್ಕ ಇಟ್ಟು, ಹೆಸರು ಮತ್ತು ದಿನಗಳಿಗೆ ಟಿಕ್ ಹಾಕುತ್ತಾ ಹೋಗಬೇಕು. ಪಿ.ಎಫ್. ಕಟ್ಟಲು ಮುಂದಿನ ತಿಂಗಳ 15 ಕೊನೆ ದಿನ, ಆದ್ದರಿಂದ ‘ಇನ್ನೂ ಬಂದಿಲ್ಲ ಸರ್’ ಎಂಬುದು ಒಂದು ತಿಂಗಳಿಗಿಂತ ಹೆಚ್ಚು ನಡೆಯದು. ಚಾಲಕರು, ಲೋಡರ್‌ಗಳು ತಮ್ಮ ಪಿ.ಎಫ್. ಸಂಖ್ಯೆಯ (ಯುಎಎನ್) ಪಾಸ್‌ಬುಕ್ ತಾವೇ ನೋಡಿಕೊಳ್ಳಬಹುದು.

ಕಾಮಗಾರಿಯಲ್ಲೂ ಶೇ 25 ಬಿಲೋ ಹಾಕಿ ಗೆದ್ದವರನ್ನು ಕಂಡಾಗ ಕೇಳಬೇಕಾದ ಪ್ರಶ್ನೆ ಇದೇ. ಲೋಕೋಪಯೋಗಿ ದರಪಟ್ಟಿಯಲ್ಲಿ ಗುತ್ತಿಗೆದಾರನ ಲಾಭಕ್ಕೆ ಇಟ್ಟದ್ದು ಸಾಮಾನ್ಯವಾಗಿ ಶೇ 10. ಅದನ್ನು ಪೂರ್ತಿ ಬಿಟ್ಟುಕೊಟ್ಟರೂ 15 ಎಲ್ಲಿಂದ ಬರಬೇಕು? 100 ಮೀಟರ್ ಉದ್ದ, 3 ಮೀಟರ್ ಅಗಲ, 150 ಮಿ.ಮೀ. ದಪ್ಪದ ಸಿ.ಸಿ. ರಸ್ತೆಗೆ 45 ಘನ ಮೀಟರ್ ಕಾಂಕ್ರೀಟ್ ಬೇಕು. ಎಂ-20 ದರ್ಜೆಯ ಕಾಂಕ್ರೀಟಿಗೆ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟ್ ಹಿಡಿದರೆ 360 ಚೀಲ. ದಪ್ಪ 120ಕ್ಕೆ ಇಳಿದರೆ 36 ಘನ ಮೀಟರ್, 288 ಚೀಲ. ಎಪ್ಪತ್ತೆರಡು ಚೀಲ ಸಿಮೆಂಟು ಮತ್ತು ಅದರ ಜಲ್ಲಿ, ಎಂ-ಸ್ಯಾಂಡ್ ಉಳಿಯಿತು, ಮೇಲಿನಿಂದ ನೋಡಿದರೆ ರಸ್ತೆ ಒಂದೇ ಥರ. ದಪ್ಪ ನೋಡಬೇಕಾದ್ದು ಅಂಚಿನ ಹಲಗೆ ಬಿಚ್ಚಿದ ದಿನ, ಪಕ್ಕಕ್ಕೆ ಗ್ರಾವೆಲ್ ತುಂಬುವ ಮೊದಲು. ಅಂಚಿನಲ್ಲಿ ಮಾತ್ರ 150 ಕೊಟ್ಟು ನಡುವೆ ಮಣ್ಣು ಉಬ್ಬಿಸುವುದೂ ಉಂಟು, ಅದಕ್ಕೆ ರಸ್ತೆಯ ನಡುವೆ ಕೊರೆದು ಕೋರ್ (ಕಾಂಕ್ರೀಟಿನ ತುಂಡು) ತೆಗೆಯುವುದೊಂದೇ ಮದ್ದು.

ಮಲೆನಾಡಿನ ಕ್ಯಾಲೆಂಡರ್ ಇದಕ್ಕೆ ಇನ್ನೊಂದು ಗಂಟು ಹಾಕುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಂಕ್ರೀಟ್ ಮಾತಿಲ್ಲ. ಮಳೆ ಬಿಟ್ಟು ಟೆಂಡರ್ ಮುಗಿದು ಕಾರ್ಯಾದೇಶ ಕೈಗೆ ಬರುವಷ್ಟರಲ್ಲಿ ಕಾಫಿ ಕೊಯ್ಲು, ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ. ಆಳುಗಳೆಲ್ಲ ತೋಟದಲ್ಲಿ. ಕೆಲಸ ಹಿಡಿಯುವುದು ಫೆಬ್ರವರಿ ಕೊನೆಗೆ, ಬಿಲ್ ಆಗಬೇಕಾದ್ದು ಮಾರ್ಚ್ 31ಕ್ಕೆ. ಮಾರ್ಚ್ 10ರಂದು ಹಾಕಿದ ಕಾಂಕ್ರೀಟಿನಿಂದ ಬಲ ಪರೀಕ್ಷೆಗೆ ಎರಕ ಹೊಯ್ದ ಕ್ಯೂಬಿಗೆ 28 ದಿನ ತುಂಬುವುದು ಏಪ್ರಿಲ್ 7ಕ್ಕೆ. ಬಿಲ್ಲಿನ ಜೊತೆ 28 ದಿನದ ಪರೀಕ್ಷಾ ವರದಿ ಮಾರ್ಚ್‌ನಲ್ಲೇ ಲಗತ್ತಾಗಿದ್ದರೆ ಆ ಕ್ಯೂಬ್ ಈ ರಸ್ತೆಯದ್ದಲ್ಲ. ಈ ತಾರೀಕಿನ ಲೆಕ್ಕ ಒಂದು ಕಡತದ ಬಗ್ಗೆ ಹೇಳುವಷ್ಟನ್ನು ಬೇರೆ ಯಾವ ಪರಿಶೀಲನೆಯೂ ಹೇಳುವುದಿಲ್ಲ.

ಬಿಲ್ ಪಾಸಾದರೂ ಕೈಗೆ ಬರುವುದು ಎಷ್ಟು ಎಂದು ಮೊದಲ ಸಲ ಬಿಡ್ ಹಾಕುವವರು ಲೆಕ್ಕ ಹಾಕಿರುವುದಿಲ್ಲ. ತೆರಿಗೆ ಬಿಟ್ಟು 10 ಲಕ್ಷದ ಬಿಲ್ ಅಂದರೆ ಆದಾಯ ತೆರಿಗೆ ಕಡಿತ ವ್ಯಕ್ತಿಗೆ ಶೇ 1, ಸಂಸ್ಥೆಯಾದರೆ 2. ಜಿಎಸ್‌ಟಿ ಟಿಡಿಎಸ್ ಶೇ 2. ಲೇಬರ್ ಸೆಸ್ ಶೇ 1. ಒಬ್ಬಂಟಿ ಗುತ್ತಿಗೆದಾರರಿಗೆ ಅಲ್ಲಿಗೇ 40,000 ಹೋಯಿತು. ಮೊದಲೆರಡು ಲೆಕ್ಕದಲ್ಲಿ ವಾಪಸ್ ಸಿಗುತ್ತವೆ, ಸೆಸ್ ಸಿಗುವುದಿಲ್ಲ. ಜಲ್ಲಿ, ಮರಳಿನ ಪರ್ಮಿಟ್ ಕೊಡದಿದ್ದರೆ ರಾಜಧನವನ್ನೂ ಬಿಲ್ಲಿನಲ್ಲೇ ಹಿಡಿಯುತ್ತಾರೆ. ಜಲ್ಲಿ ಇಳಿಸಿದ ದಿನವೇ ಲಾರಿಯವರ ಕೈಯಿಂದ ಪರ್ಮಿಟ್ ಈಸಿಕೊಳ್ಳಿ, ಎರಡು ತಿಂಗಳ ಮೇಲೆ ಕೇಳಿದರೆ ಸಿಗದು. ಎಫ್‌ಎಸ್‌ಡಿ, ಅಂದರೆ ಹೆಚ್ಚುವರಿ ಭದ್ರತಾ ಠೇವಣಿ, ದೋಷ ಹೊಣೆಗಾರಿಕೆ ಅವಧಿ ಮುಗಿಯುವ ತನಕ ಕಚೇರಿಯಲ್ಲೇ ಇರುತ್ತದೆ.

ಸಾರ್ವಜನಿಕರಾಗಿ ಈ ಪೋರ್ಟಲನ್ನು ಬಳಸುವವರು ಟೆಂಡರ್ ಸಂಖ್ಯೆ, ಅಂದಾಜು ಮೊತ್ತ, ಪರಿಮಾಣ ಪಟ್ಟಿ ಇಳಿಸಿಕೊಂಡ ಮೇಲೆ ಮಾಹಿತಿ ಹಕ್ಕಿನ ಕಡೆ ತಿರುಗಬೇಕು, ಯಾಕೆಂದರೆ ಅಳತೆ ಪುಸ್ತಕ ಇರುವುದು ಕಿರಿಯ ಎಂಜಿನಿಯರ ಕಪಾಟಿನಲ್ಲಿ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಎಲ್ಲ ರಸ್ತೆಗಳ ಎಲ್ಲ ವಿವರ’ ಎಂದು ಬರೆದರೆ ತಿರಸ್ಕಾರ ಖಚಿತ. ಟೆಂಡರ್ ಸಂಖ್ಯೆ ಹಾಕಿ ಆ ಒಂದು ಕೆಲಸದ ಅಳತೆ ಪುಸ್ತಕದ ಪುಟಗಳು, ಕ್ಯೂಬ್ ಪರೀಕ್ಷಾ ವರದಿ, ಮೂರನೇ ವ್ಯಕ್ತಿ ತಪಾಸಣಾ ವರದಿ ಇಷ್ಟನ್ನೇ ಕೇಳಿ. ಕೆಲಸವನ್ನು ಸ್ಥಳದಲ್ಲೇ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಆ ಕಾಯ್ದೆಯ 2(ಜೆ)ಯಲ್ಲಿದೆ. ಅಳತೆ ಪುಸ್ತಕದಲ್ಲಿ 0.15 ಎಂದು ಬರೆದ ಕಡೆ ಟೇಪು ಹಿಡಿದು ನಿಲ್ಲಬಹುದು.

ಗುತ್ತಿಗೆದಾರರಿಗೆ ಇನ್ನೊಂದು ಮಾತು. ಆತುರದಲ್ಲಿ ಅಂಗಡಿಯವರ ಖಾತೆಯಿಂದಲೇ ಇ.ಎಂ.ಡಿ. ಕಟ್ಟಿಸಬೇಡಿ. ಕೆಲಸ ಸಿಗದಿದ್ದಾಗ ಆ ಹಣ ಯಾರ ಖಾತೆಗೆ ವಾಪಸಾಯಿತು ಎಂಬ ಜಗಳ ತೀರುವಷ್ಟರಲ್ಲಿ ‘ಕಾಲ್-2’ ಸೂಚನೆ ಬಂದಿರುತ್ತದೆ, ಟೋಕನ್ ಇನ್ನೂ ಅದೇ ಡ್ರಾಯರಿನಲ್ಲಿರುತ್ತದೆ.